ಗಾಳಿಗೆ ಅಂಕವಿಲ್ಲ

ಹಾಸನಕ್ಕೂ ಆಕಾಶಕ್ಕೂ ಇರುವ ನಂಟು ಸ್ವಲ್ಪ ವಿಚಿತ್ರ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಆಂಟೆನಾಗಳು 1982ರಿಂದ ಮೇಲೆ ಮುಖ ಮಾಡಿಕೊಂಡು ಕೂತಿವೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗ ಬಿಟ್ಟು ಒಂಚೂರು ಆಚೀಚೆ ಸರಿದರೂ ನಮ್ಮೂರಲ್ಲಿ ಕೂತವರು ಇಲ್ಲಿಂದಲೇ ಸರಿಮಾಡುತ್ತಾರೆ. ಅದೇ ಊರಿನವರು ವಿಮಾನ ಹತ್ತಬೇಕೆಂದರೆ ಮಾತ್ರ ಬೆಂಗಳೂರಿಗೋ ಮಂಗಳೂರಿಗೋ ಬಸ್ಸು ಹಿಡಿಯಬೇಕು. ಬೂವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಕೇಳುತ್ತಲೇ ನನ್ನ ಕೂದಲು ನರೆಯಿತು. ಬರಲಿ, ಬೇಡ ಅಂದವರ್ಯಾರು. ಅಲ್ಲಿಯವರೆಗೆ ನಮ್ಮ ಪಾಲಿಗೆ ವಿಮಾನ ಎಂದರೆ ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡುವಂಥದ್ದೇ.

ಹಾಗಾಗಿ ಅಕ್ಕನ ಮಗ ಫೋನು ಮಾಡಿ, "ಮಾಮ, ಭಾನುವಾರ ಏರೋಬ್ಯಾಟಿಕ್ಸ್ ಕಾಂಪಿಟಿಷನ್ ಇದೆ, ಬನ್ನಿ. ರಿಮೋಟ್ ಪ್ಲೇನುಗಳು ಲಾಗ ಹೊಡೆಯೋದು ನೋಡಬಹುದು" ಅಂದಾಗ ನನಗೆ ಬೇರೆ ಆಮಿಷ ಬೇಕಾಗಲಿಲ್ಲ. ಹುಡುಗ ಎಂಜಿನಿಯರಿಂಗ್ ಓದುತ್ತಾನೆ. ಅಲ್ಲಿ ಅವನದು ಸ್ವಯಂಸೇವಕನ ಕೆಲಸ. ಕೊರಳಲ್ಲಿ ಕಾರ್ಡು, ಕೈಯಲ್ಲಿ ವಾಕಿಟಾಕಿ. ವಾಕಿಟಾಕಿ ಸಿಕ್ಕಿದ ಮೇಲೆ ಅವನು ಎದುರಿಗಿರುವ ಮನುಷ್ಯರ ಜತೆ ಮಾತಾಡುವುದನ್ನು ಹೆಚ್ಚು ಕಡಿಮೆ ಬಿಟ್ಟೇಬಿಟ್ಟಿದ್ದ.

ಊರ ಹೊರಗೆ ರಾಗಿ ಕೊಯ್ದು ಕೂಳೆ ಉಳಿದ ಹೊಲಗಳ ನಡುವೆ ಒಂದು ಪಟ್ಟಿಯನ್ನು ಮಟ್ಟಮಾಡಿ, ರೋಲರ್ ಹೊಡೆದು, ಸುಣ್ಣದಲ್ಲಿ ಗೆರೆ ಎಳೆದಿದ್ದರು. ಅದೇ ರನ್‌ವೇ. ಈಚೆಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೇಜುಗಳ ಮೇಲೆ ಸಾಲಾಗಿ ವಿಮಾನಗಳು. ಆಚೆ ನೀಲಗಿರಿ ತೋಪು. ಸಂಕ್ರಾಂತಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ, ಬಂದವರಲ್ಲಿ ಅರ್ಧ ಜನ ಮಫ್ಲರ್ ಸುತ್ತಿಕೊಂಡಿದ್ದರು. ನಾಲ್ಕು ಜನ ಸೇರುವ ಸುಳಿವು ಎಲ್ಲರಿಗಿಂತ ಮೊದಲು ಹತ್ತುವ ಚುರುಮುರಿ ಗಾಡಿಯವನು ಆಗಲೇ ಬಂದು ಈರುಳ್ಳಿ ಹೆಚ್ಚುತ್ತಿದ್ದ.

ಹಾರುವ ಮೊದಲು ವಿಮಾನವನ್ನು ಹತ್ತಿರದಿಂದ ನೋಡಬೇಕು. ಮೇಲೆ ಹೋದ ಮೇಲೆ ಅದು ಬರೀ ಆಕಾರ. ಮೇಜಿನ ಮೇಲಿದ್ದಾಗಲೇ ಅದಕ್ಕೊಂದು ಮೈ ಇರುವುದು. ನಾನು ನೋಡಿದ ಒಂದಕ್ಕೆ ಹಳದಿ ಬಣ್ಣದ ತೆಳು ಹಾಳೆ ಹೊದಿಸಿದ್ದರು. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ರೆಕ್ಕೆಯೊಳಗಿನ ಬಾಲ್ಸಾ ಮರದ ಪಟ್ಟಿಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ಬಾಲ್ಸಾ ಹೆಚ್ಚಾಗಿ ಬರುವುದು ದಕ್ಷಿಣ ಅಮೆರಿಕದ ಎಕ್ವಡಾರ್‌ನಿಂದ. ಬೇಗ ಬೆಳೆಯುವ ಮರ, ಸೀಸೆಯ ಬಿರಡೆಯ ಕಾರ್ಕಿಗಿಂತಲೂ ಹಗುರ. ಒಡೆಯ ರೆಕ್ಕೆಯ ತುದಿಗೆ ಎರಡು ಬೆರಳು ಕೊಟ್ಟು ಎತ್ತಿ ತೋರಿಸಿದ, ಅಷ್ಟುದ್ದದ ರೆಕ್ಕೆ ಸಲೀಸಾಗಿ ಮೇಲೆದ್ದಿತು. ಆಮೇಲೆ ರಿಮೋಟಿನ ಕಡ್ಡಿ ಅಲುಗಿಸಿದ. ರೆಕ್ಕೆಯ ಹಿಂಬದಿಯ ಪಟ್ಟಿ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಬಾಲದ ಅಡ್ಡಪಟ್ಟಿ ಮೇಲೆ, ಕೆಳಗೆ. ನೆಟ್ಟಗಿನದು ಎಡಕ್ಕೆ, ಬಲಕ್ಕೆ. ಒಳಗೆಲ್ಲೋ ಸರ್ವೊ ಮೋಟಾರುಗಳು ಚಿರ್ರ್ ಚಿರ್ರ್ ಎನ್ನುತ್ತಿದ್ದವು. ಎಲ್ಲ ಮುಗಿದ ಮೇಲೆ, ಧೂಳೇ ಇಲ್ಲದ ಜಾಗವನ್ನು ಒಂದು ಮೆತ್ತನೆ ಬಟ್ಟೆಯಲ್ಲಿ ಇನ್ನೊಂದು ಸಲ ಒರೆಸಿದ. ಅದು ತಪಾಸಣೆಯ ಭಾಗವಲ್ಲ, ಬರೀ ಪ್ರೀತಿ.

ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟಾಗುತ್ತೆ ಸಾರ್ ಇದಕ್ಕೆ?" ಈ ಪ್ರಶ್ನೆಗೆ ಉತ್ತರ ಸ್ಥಿರವಲ್ಲ ಎಂಬುದನ್ನು ಅಲ್ಲೇ ಕಂಡುಕೊಂಡೆ. ಒಬ್ಬ ಹಲ್ಲಿನ ಡಾಕ್ಟರು ಕಾಲೇಜು ಹುಡುಗರಿಗೆ ಒಂದು ಮೊತ್ತ ಹೇಳುತ್ತಿದ್ದರು. ಅವರ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತಂದದ್ದೇ ತಡ, ಅದೇ ಪ್ರಶ್ನೆಗೆ, "ಏನು ಮಹಾ, ಎಲ್ಲ ಸೆಕೆಂಡ್ ಹ್ಯಾಂಡು" ಎಂದು ಮಾತು ತೇಲಿಸಿದರು. ಆಕೆ ಏನೂ ಹೇಳಲಿಲ್ಲ. ಕಾಫಿ ಬಗ್ಗಿಸುತ್ತ ಆ ಸೆಕೆಂಡ್ ಹ್ಯಾಂಡ್ ವಿಮಾನದ ಮೇಲೆ ಇನ್ನೂ ಅಂಟಿಕೊಂಡಿದ್ದ ಹೊಸ ಸ್ಟಿಕ್ಕರನ್ನೇ ನೋಡುತ್ತಿದ್ದರು.

ಈಗ ಹೆಚ್ಚಿನವು ಬ್ಯಾಟರಿ ವಿಮಾನಗಳು. ಸದ್ದು ಕಡಿಮೆ, ಹೊಗೆ ಇಲ್ಲ. ಆದರೆ ಮೂಲೆಯ ಮೇಜಿನಲ್ಲಿ ಹಳಬರೊಬ್ಬರು ಹಳೇ ಗ್ಲೋ ಎಂಜಿನ್ನಿನ ವಿಮಾನ ತಂದಿದ್ದರು. ಅದರ ಇಂಧನ ಮೆಥನಾಲು, ಜತೆಗೆ ಒಳಭಾಗಗಳು ಸವೆಯದಿರಲೆಂದು ಹರಳೆಣ್ಣೆ. ಎಂಜಿನ್ನು ಕರ್ರೆಂದು ಎದ್ದಾಗ ಬಂದ ವಾಸನೆಗೆ ನಾನು ನಿಂತಲ್ಲೇ ಎಣ್ಣೆನೀರಿನ ದಿನಕ್ಕೆ ಹೋಗಿಬಿಟ್ಟೆ. ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹರಳು ಹಾಕುವುದು ಮಾಮೂಲು. ಮೊದಲನೇ ಮಹಾಯುದ್ಧದ ಕಾಲದ ರೋಟರಿ ಎಂಜಿನ್ನುಗಳಿಗೂ ಇದೇ ಎಣ್ಣೆ ಬೇಕಿತ್ತು. ಪೈಲಟ್ಟುಗಳ ಮುಖಕ್ಕೆಲ್ಲ ಸಿಡಿಯುತ್ತಿತ್ತಂತೆ. ಹರಳೆಣ್ಣೆ ಒಳಗೆ ಹೋದರೆ ಏನಾಗುತ್ತದೆಂದು ನಮ್ಮ ಅಜ್ಜಿಯಂದಿರ ಕೈಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಆಕಾಶದಲ್ಲಿ ಗುಂಡಿನ ಜತೆಗೆ ಅದನ್ನೂ ಎದುರಿಸಿದವರು ನಿಜವಾದ ವೀರರು.

ಸ್ಪರ್ಧೆಯ ನಿಯಮ ಮೊದಲಿಗೆ ತಲೆಗೆ ಹತ್ತುವುದಿಲ್ಲ. ಜಗತ್ತಿನ ಮಟ್ಟದಲ್ಲಿ ಈ ಆಟಕ್ಕೆ ಎಫ್3ಎ ಎಂದು ಹೆಸರು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1960ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ವಿಮಾನದ ಉದ್ದ 2 ಮೀಟರ್, ರೆಕ್ಕೆಯ ಅಗಲ 2 ಮೀಟರ್ ದಾಟುವಂತಿಲ್ಲ. ಪೈಲಟ್ಟಿನಿಂದ ಸುಮಾರು 150 ಮೀಟರ್ ದೂರದಲ್ಲಿ ಕಣ್ಣಿಗೆ ಕಾಣದ ಒಂದು ಚೌಕಟ್ಟು ಇದೆ ಅಂದುಕೊಳ್ಳಬೇಕು. ಎಡಕ್ಕೆ 60 ಡಿಗ್ರಿ, ಬಲಕ್ಕೆ 60 ಡಿಗ್ರಿ, ಮೇಲಕ್ಕೆ 60 ಡಿಗ್ರಿ. ಮೊದಲೇ ಗೊತ್ತುಮಾಡಿದ ಲಾಗಗಳನ್ನೆಲ್ಲ ಗೊತ್ತುಮಾಡಿದ ಕ್ರಮದಲ್ಲೇ ಅದರೊಳಗೆ ಹೊಡೆಯಬೇಕು. ತೀರ್ಪುಗಾರರು ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಒಂದೊಂದಕ್ಕೂ ಹತ್ತರಿಂದ ಕಳೆಯುತ್ತ ಬರುತ್ತಾರೆ. 15 ಡಿಗ್ರಿ ವಾರೆಯಾದರೆ ಒಂದು ಅಂಕ ಹೋಯಿತು. ಕಷ್ಟದ ಲಾಗಕ್ಕೆ ಹೆಚ್ಚಿನ ತೂಕವಿದೆ, ಬಂದ ಅಂಕವನ್ನು ಅದರಿಂದ ಗುಣಿಸುತ್ತಾರೆ. ನಮ್ಮ ಬಯಲಿನಲ್ಲಿ ಇದನ್ನೆಲ್ಲ ಸ್ವಲ್ಪ ಸಡಿಲ ಮಾಡಿಕೊಂಡಿದ್ದರೂ ತೀರ್ಪುಗಾರರ ಮುಖದಲ್ಲಿ ಮಾತ್ರ ಯಾವ ಸಡಿಲವೂ ಇರಲಿಲ್ಲ.

ಪೈಲಟ್ಟಿನ ಹೆಗಲ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಅವನಿಗೆ ಕಾಲರ್ ಅನ್ನುತ್ತಾರೆ. ಪೈಲಟ್ಟು ವಿಮಾನದಿಂದ ಕಣ್ಣು ಕೀಳುವಂತಿಲ್ಲವಾದ್ದರಿಂದ ಮುಂದಿನದು ಏನು ಎಂದು ಇವನು ಚೀಟಿ ನೋಡಿ ಹೇಳಬೇಕು. ಮದುವೆ ಮಂಟಪದಲ್ಲಿ ಪುರೋಹಿತರು ಗಂಡಿನ ಕಿವಿಗೆ ಬಗ್ಗಿ, "ಈಗ ನೀರು ಬಿಡಿ, ಈಗ ಅಕ್ಷತೆ ತಗೊಳ್ಳಿ" ಅಂತ ಹೇಳಿಕೊಡುತ್ತಾರಲ್ಲ, ಅದೇ ಲಯ, ಅದೇ ಗಂಭೀರ ಪಿಸುಮಾತು: "ಅರ್ಧ ರೋಲ್... ತಲೆಕೆಳಗು... ಎಳಿ, ಎಳಿ... ಈಗ ಬಿಡು." ಗಂಡಿನ ಮುಖದಲ್ಲಿರುವ ದಿಗಿಲೂ ಅದೇ.

ದಿಗಿಲಿಗೆ ಕಾರಣವಿದೆ. ವಿಮಾನ ಪೈಲಟ್ಟಿನಿಂದ ದೂರ ಹೋಗುವಾಗ ಅವನ ಎಡ ಅದಕ್ಕೂ ಎಡ. ಅದು ತಿರುಗಿ ಅವನ ಕಡೆಗೇ ಬರುವಾಗ ಅವನ ಎಡ ಅದಕ್ಕೆ ಬಲ. ತಲೆಕೆಳಗಾಗಿ ಹಾರುವಾಗ ಮೇಲಕ್ಕೆ ಅಂದದ್ದು ಕೆಳಕ್ಕೆ. ತಲೆಕೆಳಗಾಗಿ, ಎದುರಿಗೆ, ವಾರೆಯಾಗಿ ಬರುವ ವಿಮಾನದ ಒಡೆಯನಿಗೆ ಯೋಚಿಸಲು ಪುರುಸೊತ್ತಿಲ್ಲ, ಬೆರಳೇ ತಿಳಿದುಕೊಂಡಿರಬೇಕು. ಹೊಸಬರಿಗೆ ಹೇಳಿಕೊಡುವ ಸೂತ್ರ ಸರಳ: ಎದುರಿಗೆ ಬರುವಾಗ ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೆ ಕಡ್ಡಿ ತಳ್ಳು, ಆಸರೆ ಕೊಟ್ಟ ಹಾಗೆ. ಹಿಂದಿನ ಕಾಲದಲ್ಲಿ ಇನ್ನೊಂದು ಭಯವಿತ್ತು. ಒಬ್ಬೊಬ್ಬರ ರೇಡಿಯೊಗೆ ಕಂಪನಾಂಕ ಗೊತ್ತುಮಾಡುವ ಒಂದೊಂದು ಕ್ರಿಸ್ಟಲ್, ಇಬ್ಬರ ಕಂಪನಾಂಕ ಒಂದೇ ಆಗಿ, ಅವನ ಸೆಟ್ಟು ನಡುವೆ ಆನ್ ಆಯಿತೋ, ಇವನ ವಿಮಾನ ನೆಲಕ್ಕೆ. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳು ತಮ್ಮ ತಮ್ಮ ವಿಮಾನವನ್ನು ಗುರುತು ಹಿಡಿದೇ ಮಾತಾಡುವುದರಿಂದ ಆ ನೆಪ ಯಾರಿಗೂ ಉಳಿದಿಲ್ಲ.

ಇಷ್ಟೆಲ್ಲ ನಿಯಮ ಗೊತ್ತಿದ್ದರೂ ಜನ ಚಪ್ಪಾಳೆ ಹೊಡೆಯುವ ಜಾಗವೇ ಬೇರೆ. ವಿಮಾನ ತಗ್ಗಿ ಭರ್ರನೆ ತಲೆಯ ಮೇಲೆ ಹೋದಂತೆ ಕಂಡರೆ ಚಪ್ಪಾಳೆ. ಇಳಿಯುವಾಗ ಎರಡು ಸಲ ಕುಪ್ಪಳಿಸಿದರೆ ಸಿಳ್ಳೆ. ನಿಜವಾಗಿ ಚೊಕ್ಕವಾಗಿ ಬರೆದ ದೊಡ್ಡ ವೃತ್ತಕ್ಕೆ ಯಾರೂ ಉಸಿರೆತ್ತಲಿಲ್ಲ. ಅಕ್ಕನ ಮಗನಿಗೆ ಇದರಿಂದ ಬೇಜಾರು. "ಮಾಮ, ಜನಕ್ಕೆ ಏನೂ ಗೊತ್ತಾಗಲ್ಲ" ಅಂದ. ಗೊತ್ತಾಗದಿದ್ದರೇನಂತೆ. ದುಡ್ಡು ಕೊಡದೆ ನೋಡಲು ಬಂದವರಿಗೆ ತಪ್ಪು ಜಾಗದಲ್ಲಿ ಚಪ್ಪಾಳೆ ಹೊಡೆಯುವ ಹಕ್ಕಾದರೂ ಬೇಡವೇ?

ನನ್ನ ಪಕ್ಕದಲ್ಲಿ ಬದುವಿನ ಮೇಲೆ ಒಬ್ಬರು ಕೂತಿದ್ದರು. ಎಪ್ಪತ್ತು ದಾಟಿರಬಹುದಾದ ಗೌಡರು. ಪಕ್ಕದ ಹೊಲ ಅವರದ್ದೇ.

"ಇದ್ರೊಳಗೆ ಯಾರೂ ಕುಂತಿರಕಿಲ್ವ ಸಾ?"

"ಇಲ್ಲ ಗೌಡ್ರೇ. ಅಲ್ಲಿ ಟೋಪಿ ಹಾಕ್ಕೊಂಡು ನಿಂತಿದ್ದಾನಲ್ಲ, ಅವನೇ ಓಡಿಸೋದು."

"ಅಂಗಾರೆ ಬಿದ್ರೂ ಯಾರಿಗೂ ಏನೂ ಆಗಕಿಲ್ಲ."

"ಆಗಲ್ಲ."

"ಸರಿ ಮತ್ತೆ" ಎಂದು ನಿರಾಳವಾಗಿ ಕಾಲು ಚಾಚಿದರು. ಬೀಳುವುದನ್ನು ಕಾಯುವುದಕ್ಕೆ ಮನಸ್ಸಾಕ್ಷಿಯ ಅಡ್ಡಿ ಏನೂ ಉಳಿಯಲಿಲ್ಲ. ಹೇಳುವುದಕ್ಕೆ ಮುಜುಗರವಾದರೂ, ಅಲ್ಲಿ ಕೂತ ನಾವೆಲ್ಲ ಕಾಯುತ್ತಿದ್ದದ್ದು ಅದನ್ನೇ.

ಆದರೆ ಗೌಡರು ವಿಮಾನ ನೋಡುವುದು ಕಡಿಮೆ. ಅವರ ಕಣ್ಣು ನೀಲಗಿರಿ ತುದಿಯ ಮೇಲೆ, ಶಾಮಿಯಾನದ ಜಾಲರಿಯ ಮೇಲೆ, ರನ್‌ವೇ ಧೂಳಿನ ಮೇಲೆ. ಒಮ್ಮೆ ಇದ್ದಕ್ಕಿದ್ದಂತೆ, "ಈಗ ತಿರುಗ್ತದೆ ನೋಡಿ" ಅಂದರು. ಏನು ತಿರುಗುತ್ತದೆ ಎಂದು ಕೇಳುವಷ್ಟರಲ್ಲಿ ಬೆಳಗಿನಿಂದ ಮುಖಕ್ಕೆ ಬಡಿಯುತ್ತಿದ್ದ ಮೂಡಗಾಳಿ ಒಂದು ಗಳಿಗೆ ನಿಂತು, ಪಕ್ಕದಿಂದ ಬೀಸಿತು. ಮೇಲಿದ್ದ ವಿಮಾನದ ವೃತ್ತ ಮೊಟ್ಟೆಯಾಯಿತು. ಒಬ್ಬ ತೀರ್ಪುಗಾರರು ಬಗ್ಗಿ ಏನೋ ಗೀಚಿದರು.

ಗೌಡರು ವಯಸ್ಸಿನಲ್ಲಿ ವರ್ಷ ವರ್ಷವೂ ಕಣದಲ್ಲಿ ರಾಗಿ ತೂರಿದವರು. ಮೊರ ಎತ್ತಿ ಹಿಡಿದು ಗಾಳಿಗೆ ಕಾಯುವುದು, ಬಂದಾಗ ಹದವಾಗಿ ಸುರಿಯುವುದು, ಅದು ನಿಲ್ಲುವ ಮೊದಲೇ ಕೈ ತಡೆಯುವುದು. ಹೊಟ್ಟು ಆ ಕಡೆ, ಕಾಳು ಈ ಕಡೆ. ಗಾಳಿ ತಿರುಗಿದ್ದು ಗೊತ್ತಾಗದಿದ್ದರೆ ಹೊಟ್ಟೆಲ್ಲ ವಾಪಸ್ಸು ರಾಶಿಗೆ. ಈಗ ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡುತ್ತಾರೆ, ಇಲ್ಲವೇ ಮಿಷನ್ನು ಬರುತ್ತದೆ. ತೂರುವ ಕೆಲಸ ಹೋಯಿತು. ಕಣ್ಣು ಹೋಗಿಲ್ಲ.

ಅವರನ್ನು ನೋಡಿ ನಾನೂ ವಿಮಾನ ಬಿಟ್ಟು ಸುತ್ತಮುತ್ತ ನೋಡಲು ಶುರುಮಾಡಿದೆ. ಆಮೇಲೆಯೇ ಈ ಆಟ ನನಗೆ ತೆರೆದುಕೊಂಡದ್ದು. ನೀಲಗಿರಿ ಎಲೆಗಳೆಲ್ಲ ಒಂದೇ ಕಡೆ ಮಗುಚಿ ಬೆಳ್ಳಗೆ ಕಾಣುತ್ತಿವೆ, ಕಾಲರ್ ಹಿಡಿದ ಚೀಟಿ ಪಟಪಟ ಅನ್ನುತ್ತಿದೆ, ಮೇಲೆ ವಿಮಾನ ಮಾತ್ರ ದಾರ ಹಿಡಿದು ಎಳೆದಷ್ಟು ನೇರ ಗೆರೆಯಲ್ಲಿ ಹೋಗುತ್ತಿದೆ. ಸರಿಯಾಗಿ ಗಮನಿಸಿದರೆ ಅದರ ಮೂತಿ ಹೋಗುವ ದಿಕ್ಕಿಗಿಲ್ಲ. ಗಾಳಿ ಬರುವ ಕಡೆಗೆ ಒಂದಿಷ್ಟು ತಿರುಗಿಸಿ ಹಿಡಿದಿದ್ದಾರೆ. ತೀರ್ಪುಗಾರರು ನೋಡುವುದು ಮೂತಿಯನ್ನಲ್ಲ, ಅದು ಬಿಟ್ಟುಹೋದ ಗೆರೆಯನ್ನು. ವೃತ್ತಕ್ಕೂ ಅಷ್ಟೇ, ಗಾಳಿ ಹಿಂದಿನಿಂದ ತಳ್ಳುವ ಅರ್ಧದಲ್ಲಿ ಒಂದು ಬಗೆಯ ಎಳೆತ, ಎದುರಾಗುವ ಅರ್ಧದಲ್ಲಿ ಇನ್ನೊಂದು ಬಗೆ. ಗಾಳಿ ಎಷ್ಟಿತ್ತು ಎಂದು ಯಾರೂ ಅಂಕ ಕೊಡುವುದಿಲ್ಲ. ಗಾಳಿ ಇತ್ತು ಎಂದು ಗೊತ್ತಾದರೆ ಮಾತ್ರ ಅಂಕ ಹೋಗುತ್ತದೆ.

ಲಾಗ ಹೊಡೆದದ್ದಕ್ಕೆ ಅಂಕ ಸಿಗುವ ಕಾಲ ಬಂದದ್ದೇ ಆಮೇಲೆ. 1913ರಲ್ಲಿ ಕೀವ್ ನಗರದ ಮೇಲೆ ಪ್ಯೋತ್ರ್ ನೆಸ್ತೆರೊವ್ ಎಂಬ ರಷ್ಯದ ಸೇನಾಧಿಕಾರಿ ಜಗತ್ತಿನಲ್ಲೇ ಮೊದಲ ಬಾರಿಗೆ ವಿಮಾನದಲ್ಲಿ ಪೂರ್ತಿ ಲಾಗ ಹೊಡೆದ. ಕೆಳಗೆ ಇಳಿದವನಿಗೆ ಸಿಕ್ಕಿದ್ದು ಹತ್ತು ದಿನದ ಬಂಧನ. ಸರಕಾರಿ ಸ್ವತ್ತನ್ನು ಅಪಾಯಕ್ಕೆ ಒಡ್ಡಿದ್ದು ಅಪರಾಧ. ಸ್ವಲ್ಪ ದಿನಕ್ಕೆ ಅದೇ ಲಾಗವನ್ನು ಫ್ರಾನ್ಸಿನಲ್ಲಿ ಪೆಗು ಎಂಬಾತ ಹೊಡೆದು ಊರೆಲ್ಲ ಮೆರೆದಾಗ ರಷ್ಯದವರಿಗೆ ಎಚ್ಚರವಾಗಿ, ಶಿಕ್ಷೆ ರದ್ದಾಗಿ, ಬಡ್ತಿಯೂ ಬಂತು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಕಥೆಯಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಾರದು.

ಹನ್ನೊಂದರ ಹೊತ್ತಿಗೆ ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದಾಗ ಒಂದು ಗರುಡ ಬಂತು. ಕೆಂಪು ಮೈ, ಬಿಳಿ ಎದೆ. ನೇರ ಆ ಕಾಣದ ಚೌಕಟ್ಟಿನ ನಡುಮಧ್ಯಕ್ಕೆ ಬಂದು ಸುತ್ತತೊಡಗಿತು. ಪ್ರೇಕ್ಷಕರಲ್ಲಿ ಅರ್ಧ ಜನ "ಕೃಷ್ಣ ಕೃಷ್ಣ" ಎಂದು ಕೆನ್ನೆ ಬಡಿದುಕೊಂಡರು. ಪೈಲಟ್ಟಿಗೆ ವಿಮಾನ ಪಕ್ಕಕ್ಕೆ ಒಯ್ಯಲು ಹೇಳಿದರು. ವಾಕಿಟಾಕಿಗಳಲ್ಲಿ ಗಡಿಬಿಡಿ. ಗರುಡ ಮಾತ್ರ ಒಂದು ಸಲವೂ ರೆಕ್ಕೆ ಬಡಿಯದೆ ಸುತ್ತು ಸುತ್ತಾಗಿ ಮೇಲೇರಿ, ಬೇಲೂರು ದಿಕ್ಕಿಗೆ ಜಾರಿಕೊಂಡು ಹೋಯಿತು. ತೀರ್ಪುಗಾರರೊಬ್ಬರು ಪೆನ್ನು ಹಿಡಿದಿದ್ದ ಕೈಯಲ್ಲೇ ನಮಸ್ಕಾರ ಮಾಡಿದ್ದನ್ನು ನಾನು ನೋಡಿದೆ.

ಮಧ್ಯಾಹ್ನ ಫ್ರೀಸ್ಟೈಲ್. ಇದರಲ್ಲಿ ಹಾಡು ಹಾಕಿಕೊಂಡು ಮನಸ್ಸಿಗೆ ಬಂದ ಹಾಗೆ ಹಾರಿಸಬಹುದು. ಜನಕ್ಕೆ ಬೇಕಾದದ್ದು ಇದೇ. ಮಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗ ಬೆಳಗಿನಿಂದ ಗೊಣಗುತ್ತಿದ್ದ. ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ, ಗಾಳಿ ತೆಳು, ಅವನ ಊರಿನಲ್ಲಿ ಹಿಡಿದಷ್ಟು ಹಿಡಿತ ಇಲ್ಲಿ ಫ್ಯಾನಿಗೆ ಸಿಗುವುದಿಲ್ಲ, ಇಳಿಸುವಾಗಲೂ ವೇಗ ಹೆಚ್ಚು. ಆದರೂ ಹಾಡು ಶುರುವಾದ ಮೇಲೆ ಅದೆಲ್ಲ ಮರೆತುಬಿಟ್ಟ. ವಿಮಾನವನ್ನು ನೆಟ್ಟಗೆ ನಿಲ್ಲಿಸಿದ. ಮೂತಿ ಮೇಲೆ, ಬಾಲ ಕೆಳಗೆ, ಬರೀ ಫ್ಯಾನಿನ ಎಳೆತದಲ್ಲಿ ಗಾಳಿಯಲ್ಲಿ ತೂಗುತ್ತಿದೆ. ಹಾಗೇ ಕೆಳಗಿಳಿಸಿ ರಡ್ಡರಿನ ತುದಿ ರಾಗಿ ಕೂಳೆಗೆ ಇನ್ನೇನು ತಾಗಬೇಕು ಅನ್ನುವಷ್ಟಕ್ಕೆ ತಂದ. ಜನ ಎದ್ದು ನಿಂತರು. ಗೌಡರು ಮೆಲ್ಲಗೆ, "ಬ್ಯಾಡ ಕಣ್ಲಾ ಮಗ, ಬತ್ತಾ ಅದೆ" ಅಂದರು. ಅಷ್ಟು ದೂರದಲ್ಲಿದ್ದ ಅವನಿಗೆ ಕೇಳುವುದಾದರೂ ಹೇಗೆ. ಒಂದು ಬೀಸು ಬಂತು. ವಿಮಾನ ಪಕ್ಕಕ್ಕೆ ಬಾಗಿತು, ಮೋಟಾರು ಕಿರುಚಿತು, ಆಮೇಲೆ ಹಪ್ಪಳ ಮುರಿದಷ್ಟೇ ಸದ್ದು.

ಬೆಳಗಿನಿಂದ ಇದಕ್ಕೇ ಕಾದವರು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚುರುಮುರಿ ಗಾಡಿಯ ಸುತ್ತ ಇದ್ದ ಹುಡುಗರೆಲ್ಲ ಗೆರೆ ದಾಟಿ ಓಡಿದರು. ಪೈಲಟ್ಟು ಅವರ ಹಿಂದೆ, "ಬ್ಯಾಟರಿ ಮುಟ್ಟಬೇಡಿ, ಬ್ಯಾಟರಿ ಮುಟ್ಟಬೇಡಿ" ಎಂದು ಕೂಗುತ್ತ ಓಡಿದ. ಈ ಲಿಥಿಯಂ ಬ್ಯಾಟರಿಗಳು ಪೆಟ್ಟು ತಿಂದರೆ ಸ್ವಲ್ಪ ಹೊತ್ತು ಬಿಟ್ಟೂ ಹೊತ್ತಿಕೊಳ್ಳಬಹುದು. ಅದನ್ನು ಮರಳಿನ ಬಕೆಟ್ಟಿಗೆ ಹಾಕಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ತಮಗೆ ಸಿಕ್ಕಿದ್ದನ್ನು ತಂದು ಒಪ್ಪಿಸಿದರು. ಬಾಲದ ಅರ್ಧ, ಬೆರಳುದ್ದದ ಬಾಲ್ಸಾ ಚೂರು, ಒಂದು ಸ್ಕ್ರೂ. ಅವನು ಪ್ರತಿಯೊಬ್ಬನಿಗೂ ಥ್ಯಾಂಕ್ಸ್ ಹೇಳುತ್ತಿದ್ದ, ಪ್ರತಿ ಚೂರನ್ನೂ ಬೇಕಾದದ್ದೆಂಬಂತೆ ಇಸಿದುಕೊಳ್ಳುತ್ತಿದ್ದ. ಕೊನೆಗೆ ಬಂದ ಚೋಟುದ್ದದ ಹುಡುಗನ ಕೈಯಲ್ಲಿ ಚಕ್ರವೊಂದಿತ್ತು. ಕೊಡಲಿಲ್ಲ, ನಿಂತುಕೊಂಡ. "ಬೇಕಾ?" ಎಂದ ಪೈಲಟ್ಟು. ಹುಡುಗ ತಲೆಯಾಡಿಸಿದ. "ಇಟ್ಕೊ."

ಫಲಿತಾಂಶ ಹೇಳುವ ಹೊತ್ತಿಗೆ ಅರ್ಧ ಜನ ಮನೆಗೆ ಹೋಗಿದ್ದರು. ಮೊದಲ ಬಹುಮಾನ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿಗೆ ಬಂತು. ಅವರು ಹಾರಿಸಿದ್ದು ಬಹಳ ಜನಕ್ಕೆ ನೆನಪೇ ಇರಲಿಲ್ಲ. "ಯಾರಪ್ಪ ಇವರು?" ಎಂದು ನನ್ನ ಹಿಂದೆ ಯಾರೋ ಕೇಳಿದರು. ಗೌಡರಿಗೆ ಮಾತ್ರ ನೆನಪಿತ್ತು. "ಅವ್ರು ಹಾರ್ಸುವಾಗ ಗಾಳಿನೇ ಇರ್ಲಿಲ್ಲ ಅನ್ನಂಗಿತ್ತು. ಇತ್ತು ಸಾ. ನಾನು ನೋಡ್ತಾನೇ ಇದ್ದೆ."

ಆಮೇಲೆ ಬದುವಿನಿಂದ ಎದ್ದು, ಪಂಚೆ ಕೊಡವಿಕೊಂಡು ನೆಟ್ಟಗೆ ಶಾಮಿಯಾನಕ್ಕೆ ಹೋದರು. ಏನು ಕೇಳುತ್ತಾರೋ ಎಂದು ನಾನೂ ಹಿಂದೆ ಹೋದೆ. ಬ್ಯಾಂಕಿನವರು ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ರೆಕ್ಕೆ ಹಿಡಿದು ನಿಂತಿದ್ದರು.

"ಸಾ, ಇದ್ರಲ್ಲಿ ನವಿಲು ಓಡಿಸ್ಬೋದಾ? ಬಿತ್ತಿದ್ದನ್ನೆಲ್ಲ ಕೆದ್ರಿ ತಿಂತವೆ."

"ಓಡಿಸ್ಬೋದು ಗೌಡ್ರೇ. ಆದ್ರೆ ಎಂಟು ಹತ್ತು ನಿಮಿಷಕ್ಕೆ ಬ್ಯಾಟರಿ ಮುಗಿಯುತ್ತೆ. ಆಮೇಲೆ ಚಾರ್ಜಿಗೆ ಹಾಕ್ಬೇಕು."

"ಹತ್ತು ನಿಮಿಸಕ್ಕೆ ಅವು ಬೇಲಿ ಆಚೆ ಕುಂತಿದ್ದು ವಾಪಸ್ ಬತ್ತವೆ ಬುಡಿ. ಎರಡು ಬ್ಯಾಟ್ರಿ ಇಟ್ಕಂಡ್ರೆ?"

ಬ್ಯಾಂಕಿನವರು ಕಪ್ಪನ್ನು ಮೇಜಿನ ಮೇಲಿಟ್ಟರು. ಚಾರ್ಜಿಗೆ ಎಷ್ಟು ಹೊತ್ತು, ಎಷ್ಟು ಬ್ಯಾಟರಿ ಇದ್ದರೆ ಬೆಳಿಗ್ಗೆ ಪೂರ್ತಿ ಸಾಲುತ್ತದೆ, ನವಿಲು ಬರುವುದು ಎಷ್ಟು ಗಂಟೆಗೆ ಎಂದು ಲೆಕ್ಕ ಶುರುವಾಯಿತು. ಅಕ್ಕನ ಮಗ ವಾಕಿಟಾಕಿಯಲ್ಲಿ ಮೂರನೇ ಸಲ ಗೆದ್ದವರನ್ನು ಫೋಟೊಗೆ ಕರೆಯುತ್ತಿದ್ದ. ಗೆದ್ದವರು, ಕಾಳು ಬಿತ್ತುವ ತಿಂಗಳಲ್ಲಿ ಇಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಗೌಡರನ್ನು ಕೇಳುತ್ತಿದ್ದರು.